ಫೋಟೋ ಸಾಕು ಮಿಸ್, ಒಂದೇ ಒಂದ್ ಸಾಲು ಬರೀರಿ

ಈಗಷ್ಟೇ ಫೋನ್ ಪಕ್ಕಕ್ಕಿಟ್ಟೆ. ಇಟ್ಟೆ ಏನ್ ಬಂತು, ಎಸೆದೆ. ಸೋಫಾ ಮೇಲೆ ಬಿತ್ತು, ಏನೂ ಆಗಿಲ್ಲ, ಆದ್ರಿಂದ ಈ ಪೋಸ್ಟ್ ಬರೀತಿದ್ದೀನಿ.

ನಮ್ ಚಿಕ್ಕೋನ ನಾಲ್ಕನೇ ಕ್ಲಾಸ್ ಶುರುವಾಗಿ ಇವತ್ತಿಗೆ ಸರಿಯಾಗಿ ಮೂರು ವಾರ. ಈ ಮೂರು ವಾರದಲ್ಲಿ ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಏನೇನು ಬಂದಿದೆ ಅಂತ ಮೊದಲಿಂದ ಕೊನೇವರೆಗೂ ಸ್ಕ್ರಾಲ್ ಮಾಡ್ಕೊಂಡು ಕೂತು ಎಣಿಸಿದೆ (ಹೌದು, ಎಣಿಸಿದೆ, ಇವಳಿಗೆ ಬೇರೆ ಕೆಲ್ಸ ಇಲ್ಲ ಅನ್ನೋರು ಅನ್ಲಿ). 187 ಫೋಟೋ. 9 ವಿಡಿಯೋ. ಉಗುರು ಕತ್ತರಿಸಿ, ಐಡಿ ಕಾರ್ಡ್ ಮರೀಬೇಡಿ, ಪುಸ್ತಕಕ್ಕೆ ಬೈಂಡ್ ಹಾಕಿ ಅಂತ 11 ಸೂಚನೆ. "ಥ್ಯಾಂಕ್ಯೂ ಮೇಡಂ" ಎಷ್ಟು ಅಂತ ಎಣಿಸೋಕೆ ಹೋಗಿ ಅರ್ಧಕ್ಕೇ ಬಿಟ್ಟೆ. ಇನ್ನು ಮಕ್ಕಳು ಏನ್ ಕಲೀತಿದ್ದಾರೆ, ಯಾವ ಪಾಠ ನಡೀತಿದೆ, ಎಲ್ಲಿ ಎಡವ್ತಿದ್ದಾರೆ ಅನ್ನೋದ್ರ ಬಗ್ಗೆ ಬಂದಿರೋ ಮೆಸೇಜು ಸೊನ್ನೆ.

ಇವತ್ ಸಾಯಂಕಾಲ ಬಂದ ಫೋಟೋದಲ್ಲಿ ನನ್ ಮಗ ಇದ್ದ. ಕೈಯಲ್ಲಿ ಒಂದು ಚಾರ್ಟು, ಅದರಲ್ಲಿ ಎರಡು ವೃತ್ತ, ಒಂದನ್ನ ನಾಲ್ಕು ಭಾಗ ಮಾಡಿ ಒಂದಕ್ಕೆ ಕೆಂಪು ಬಣ್ಣ ತುಂಬಿದ್ದಾರೆ, ಇನ್ನೊಂದನ್ನ ಎಂಟು ಭಾಗ ಮಾಡಿ ಒಂದಕ್ಕೆ ನೀಲಿ. ಇವನು ಹಲ್ಲು ಕಿಸಿದು ನಿಂತಿದ್ದಾನೆ. ಕೆಳಗೆ ಹೃದಯಗಳ ಸುರಿಮಳೆ. ನಾನೂ ಒಂದು ಹಾಕಿದೆ, ಸುಳ್ ಯಾಕೆ ಹೇಳ್ಲಿ. ರಾತ್ರಿ ಮಲಗೋ ಮುಂಚೆ ಸುಮ್ನೆ ಕೇಳಿದೆ, "ಕಾಲು ದೊಡ್ಡದೋ, ಎಂಟನೇ ಒಂದು ದೊಡ್ಡದೋ?" ಒಂದ್ ಕ್ಷಣಾನೂ ಯೋಚ್ನೆ ಮಾಡ್ದೇ "ಎಂಟನೇ ಒಂದು" ಅಂದ. ಯಾಕೋ ಅಂದ್ರೆ "ಎಂಟು ನಾಲ್ಕಕ್ಕಿಂತ ದೊಡ್ಡದಲ್ವಾಮ್ಮ" ಅಂತ ನನ್ನನ್ನೇ ದಡ್ಡಿ ಥರ ನೋಡ್ದ.

ಅವನು ತಪ್ಪು ಹೇಳಿದ್ದಕ್ಕೆ ನಂಗೆ ಕೋಪ ಇಲ್ಲ. ಈ ತಪ್ಪು ಜಗತ್ತಿನ ಎಲ್ಲಾ ನಾಲ್ಕನೇ ಕ್ಲಾಸಲ್ಲೂ ಆಗುತ್ತೆ, ಅಲ್ಲಿವರೆಗೂ ಮಕ್ಕಳು ನೋಡಿರೋ ಸಂಖ್ಯೆಗಳಲ್ಲಿ ದೊಡ್ಡ ಅಂಕಿ ಅಂದ್ರೆ ದೊಡ್ಡದೇ, ಇದ್ದಕ್ಕಿದ್ದ ಹಾಗೆ ಕೆಳಗಿರೋ ಅಂಕಿ ದೊಡ್ಡದಾದಷ್ಟೂ ತುಂಡು ಚಿಕ್ಕದಾಗುತ್ತೆ ಅಂದ್ರೆ ಯಾರಿಗಾದ್ರೂ ತಲೆ ತಿರುಗುತ್ತೆ. ಕೋಪ ಯಾಕೆ ಅಂದ್ರೆ, ಆ ಚಾರ್ಟನ್ನ ಅವನ ಕೈಗೆ ಕೊಟ್ಟು ಫೋಟೋ ತೆಗೆದೋರಿಗೆ ಇದು ಗೊತ್ತಿದೆ. ಗೊತ್ತಿರ್ಲೇಬೇಕು. ಹೇಗೆ ಗೊತ್ತಿರುತ್ತೆ ಅಂತ ನನ್ನ ಕೇಳ್ಬೇಡಿ, ನಾನೇನು ಮಾಡ್ಕೊಂಡು ಜೀವನ ಮಾಡ್ತಿದ್ದೀನಿ ಅಂತ ನಿಮಗೆಲ್ಲ ಗೊತ್ತಲ್ಲ. ಹದಿನಾಲ್ಕು ವರ್ಷದಿಂದ ಟೀಚರ್ರು, ಅದ್ರಲ್ಲಿ ಒಂಬತ್ತು ವರ್ಷ ಇದೇ ನಾಲ್ಕನೇ ಕ್ಲಾಸು.

ನಾಲ್ಕನೇ ಕ್ಲಾಸ್ ಬಗ್ಗೆ ನಾನು ಇಷ್ಟು ಬಡ್ಕೊಳ್ಳೋದಕ್ಕೂ ಕಾರಣ ಇದೆ. ಮೂರನೇ ಕ್ಲಾಸ್‌ವರೆಗೂ ಮಗು ಓದೋದನ್ನ ಕಲಿಯುತ್ತೆ. ನಾಲ್ಕರಿಂದ ಓದಿ ಕಲೀಬೇಕು. ಕೇಳೋಕೆ ಪದ ಹಿಂದುಮುಂದು ಮಾಡ್ದಂಗಿದೆ, ಆದ್ರೆ ಕ್ಲಾಸಲ್ಲಿ ನಿಂತು ನೋಡಿದ್ರೆ ಗೊತ್ತಾಗುತ್ತೆ ಅದು ಎಂಥಾ ಹಳ್ಳ ಅಂತ. ಅಮೆರಿಕದಲ್ಲಿ ಜೀನ್ ಚಾಲ್ ಅಂತ ಇದ್ರು, ಮಕ್ಕಳು ಓದೋದನ್ನ ಹೇಗೆ ಕಲೀತಾರೆ ಅಂತ ಜೀವನ ಪೂರ್ತಿ ಅಧ್ಯಯನ ಮಾಡಿದವರು, 1983ರಲ್ಲೇ ಓದಿನ ಹಂತಗಳನ್ನ ಬಿಡಿಸಿ ತೋರ್ಸಿದ್ರು. ಆಮೇಲೆ ಬಡ ಕುಟುಂಬದ ಮಕ್ಕಳ ಮೇಲೆ ಅವರ ತಂಡ ಮಾಡಿದ ಅಧ್ಯಯನದಲ್ಲಿ ಎರಡು ಮೂರನೇ ಕ್ಲಾಸಲ್ಲಿ ಚೆನ್ನಾಗೇ ಇದ್ದ ಮಕ್ಕಳು ನಾಲ್ಕರ ಹೊತ್ತಿಗೆ ಜಾರೋಕೆ ಶುರು ಮಾಡಿದ್ರು, ಮೊದಲು ಎಡವಿದ್ದು ಪದಗಳ ಅರ್ಥದಲ್ಲಿ. ಹಲವು ದೇಶಗಳ ಮಕ್ಕಳ ಓದಿನ ಮಟ್ಟ ಅಳೆಯೋ ಪರ್ಲ್ಸ್ ಅನ್ನೋ ಪರೀಕ್ಷೆ 2001ರಿಂದ ಐದೈದು ವರ್ಷಕ್ಕೊಮ್ಮೆ ನಡೆಯುತ್ತಲ್ಲ, ಅದೂ ನಾಲ್ಕನೇ ಕ್ಲಾಸ್ ಮಕ್ಕಳಿಗೇ. ಈ ತಿರುವಲ್ಲೇ ನಿಂತು ನೋಡ್ಬೇಕು ಅಂತ ಅವರಿಗೂ ಗೊತ್ತು.

ಲೆಕ್ಕದಲ್ಲೂ ಇದೇ ಕಥೆ. 952ನ್ನ 7ರಿಂದ ಭಾಗಿಸು ಅಂದ್ರೆ ಏಳರ ಮಗ್ಗಿ ಮೂರು ಸಲ ಬೇಕು, ಪ್ರತಿ ಸಲ ಕಳೀಬೇಕು, ಪ್ರತಿ ಸಲ ಮುಂದಿನ ಅಂಕಿ ಕೆಳಗಿಳಿಸ್ಬೇಕು. ಏಳೇಳ್ಲಿ ಎಷ್ಟು ಅಂತ ಇನ್ನೂ ಬೆರಳು ಮಡಚ್ತಾ ಕೂತಿರೋ ಮಗು ಎರಡನೇ ಮೆಟ್ಟಿಲಿಗೆ ಬರೋ ಹೊತ್ತಿಗೆ ತಾನು ಎಲ್ಲಿದ್ದೆ ಅನ್ನೋದನ್ನೇ ಮರೆತಿರುತ್ತೆ. ಆಮೇಲೆ ಮನೇಲಿ "ಇವನಿಗೆ ಭಾಗಾಕಾರ ಬರಲ್ಲ" ಅಂತ ಹಣೆಪಟ್ಟಿ. ಭಾಗಾಕಾರ ಬರುತ್ತೆ ಕಣ್ರೀ, ಮಗ್ಗಿ ಗಟ್ಟಿಯಾಗಿಲ್ಲ ಅಷ್ಟೇ. ಇದನ್ನ ಮೊದಲ ಮೂರು ವಾರದಲ್ಲಿ ಹೇಳಿದ್ರೆ ಮನೇಲಿ ಆಟ ಆಡ್ತಾ ಆಡ್ತಾ ಸರಿಹೋಗುತ್ತೆ. ಅರ್ಧವರ್ಷ ಕಳೆದ್ಮೇಲೆ ಹೇಳಿದ್ರೆ ಅಷ್ಟೊತ್ತಿಗೆ ಮಗು "ನಂಗ್ ಮ್ಯಾಥ್ಸ್ ಇಷ್ಟ ಇಲ್ಲ" ಅಂತ ತೀರ್ಮಾನ ಮಾಡಿ ಕೂತಿರುತ್ತೆ.

ಇನ್ನೊಂದಿದೆ. ಒಂದನೇ ಕ್ಲಾಸ್ ಮಗು ಮನೆಗೆ ಬಂದು ಯಾರು ಯಾರಿಗೆ ಹೊಡೆದ್ರು, ಮಿಸ್ ಯಾವ ಬಣ್ಣದ ಬಟ್ಟೆ ಹಾಕಿದ್ರು, ಎಲ್ಲ ಒಂದೇ ಉಸಿರಲ್ಲಿ ವರದಿ ಒಪ್ಸುತ್ತೆ. ಒಂಬತ್ತು ವರ್ಷದ್ದು? "ಸ್ಕೂಲಲ್ಲಿ ಏನಾಯ್ತೋ?" "ಏನಿಲ್ಲ." "ಏನ್ ಪಾಠ ಮಾಡಿದ್ರು?" "ಏನೋ." ಅಷ್ಟೇ, ಅಂಗಡಿ ಬಾಗಿಲು ಹಾಕ್ಬಿಡ್ತಾವೆ. ಮಗು ಹೇಳೋದು ನಿಲ್ಸೋ ಹೊತ್ತಿಗೇ ಟೀಚರೂ ಹೇಳೋದು ನಿಲ್ಸಿಬಿಟ್ರೆ ಅಪ್ಪ ಅಮ್ಮ ಎಲ್ಲಿಂದ ತಿಳ್ಕೋಬೇಕು? 187 ಫೋಟೋಗಳಲ್ಲಿ ಹಲ್ಲು ಎಣಿಸ್ಕೊಂಡು?

ಗ್ರೂಪಲ್ಲಿ ಇದನ್ನೇ ಮೆತ್ತಗೆ ಕೇಳಿದೆ, "ಮಿಸ್, ಯಾವ ಪಾಠ ನಡೀತಿದೆ ಅಂತ ವಾರಕ್ಕೊಂದ್ಸಲ ತಿಳಿಸಿದ್ರೆ ಒಳ್ಳೇದಿತ್ತು" ಅಂತ. ಬಂದ ಉತ್ತರ: ಎರಡು ಕೈ ಮುಗಿದ ಇಮೋಜಿ, ಆಮೇಲೆ ಇನ್ನೂ ನಾಲ್ಕು ಫೋಟೋ. ಫೋನ್ ಎಸೆದಿದ್ದು ಆಗಲೇ.

ಈಗ ನನ್ ಟೀಚರ್ ಫ್ರೆಂಡ್ಸ್ ಕಾಮೆಂಟಲ್ಲಿ ಜಗಳಕ್ಕೆ ಬರೋದು ಗ್ಯಾರಂಟಿ. "ನೀನೇ ಟೀಚರಾಗಿ ಹೀಗಂದ್ರೆ ಹೇಗೆ, ನಲವತ್ತು ಮಕ್ಕಳು, ನೋಟ್ಸ್ ತಿದ್ದೋದು, ರಿಪೋರ್ಟು, ಇದರ ಮಧ್ಯೆ ಒಬ್ಬೊಬ್ರಿಗೂ ಮೆಸೇಜ್ ಹಾಕ್ಕೊಂಡ್ ಕೂರೋಕೆ ಟೈಮ್ ಎಲ್ಲಿದೆ?" ಒಪ್ಪಿದೆ ತಾಯಿ, ಒಪ್ಪಿದೆ. ಆದ್ರೆ 187 ಫೋಟೋ ತೆಗೆಯೋಕೆ ಟೈಮ್ ಎಲ್ಲಿಂದ ಬಂತು? ಮಕ್ಕಳನ್ನ ಸಾಲಾಗಿ ನಿಲ್ಸಿ, ಚಾರ್ಟ್ ನೆಟ್ಟಗೆ ಹಿಡ್ಸಿ, ಕಣ್ಣು ಮುಚ್ಚಿದೋರನ್ನ ಮತ್ತೆ ತೆಗೆದು, ಆರ್ಸಿ, ಅಪ್‌ಲೋಡ್ ಮಾಡೋಕೆ ದಿನಕ್ಕೆ ಇಪ್ಪತ್ತು ನಿಮಿಷ ಅಂತೂ ಬೇಕು. ಆ ಇಪ್ಪತ್ ನಿಮಿಷದಲ್ಲಿ ಎಂಟು ಮನೆಗೆ ಎಂಟು ಸಾಲು ಬರೀಬಹುದು. ಮ್ಯಾನೇಜ್‌ಮೆಂಟ್‌ಗೆ ಫೋಟೋ ಬೇಕು ಅಂತೀರಾ, ಗೊತ್ತು, ನಮ್ ಸ್ಕೂಲಲ್ಲೂ ಬೇಕು ಅಂತಾರೆ. ಅದನ್ನೇ ಹೇಳ್ತಿರೋದು, ಯಾರಿಗೆ ಬೇಕು ಅನ್ನೋದು ಕ್ಲಿಯರ್ ಆಯ್ತಲ್ಲ.

"ಹೇಳಿದ್ರೆ ಪೇರೆಂಟ್ಸ್ ಸುಮ್ನಿರ್ತಾರಾ, ಮಗೂನ ಹಿಡಿದು ಚಚ್ತಾರೆ, ಇಲ್ಲಾ ನಮ್ ಮೇಲೇ ಬೀಳ್ತಾರೆ." ಇದರಲ್ಲಿ ಸ್ವಲ್ಪ ಸತ್ಯ ಇದೆ, ಅದಕ್ಕೇ ಗ್ರೂಪಲ್ಲಿ ಬರೀಬಾರ್ದು, ಬೇರೆಯಾಗಿ ಬರೀಬೇಕು, ಇನ್ನೊಬ್ರ ಮಗೂಗೆ ಯಾವ ಮಗ್ಗಿ ಬರಲ್ಲ ಅನ್ನೋದು ಊರಿಗೆಲ್ಲ ಗೊತ್ತಾಗ್ಬೇಕಾಗಿಲ್ಲ. ಬರೆಯೋದಾದ್ರೂ ಏನು? "ನಿಮ್ಮ ಹುಡುಗ ವೀಕ್" ಅಂತ ಬರೆದ್ರೆ ಚಚ್ತಾರೆ ನಿಜ. "ನಿಮ್ಮ ಮಗಳು ಸರಾಗವಾಗಿ ಓದ್ತಾಳೆ, ಆದ್ರೆ ಓದಿದ್ದು ಏನು ಅಂದ್ರೆ ತಡಕಾಡ್ತಾಳೆ, ದಿನಾ ಏನಾದ್ರೂ ಅರ್ಧ ಪುಟ ಓದ್ಸಿ ಏನ್ ಗೊತ್ತಾಯ್ತು ಅಂತ ಮಾತ್ರ ಕೇಳಿ" ಅಂದ್ರೆ ಯಾರೂ ಚಚ್ಚಲ್ಲ. ಕೈಗೆ ಒಂದು ಕೆಲಸ ಕೊಟ್ರೆ ಜನ ಕೆಲಸ ಮಾಡ್ತಾರೆ. ಮ್ಯಾಥ್ಯೂ ಕ್ರಾಫ್ಟ್ ಮತ್ತು ಟಾಡ್ ರಾಜರ್ಸ್ ಅನ್ನೋ ಇಬ್ರು 2015ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದ್ರು, ಅಮೆರಿಕದ ಹೈಸ್ಕೂಲ್ ಮಕ್ಕಳದ್ದು, ಫೇಲಾದವರಿಗೆ ಬೇಸಿಗೆ ಕ್ಲಾಸು. ಮನೆಗೆ ವಾರಕ್ಕೊಂದು ಮೆಸೇಜು, ಟೀಚರ್ ಬರೆದ ಒಂದೇ ಒಂದು ಸಾಲು, ಆ ಮಗುವಿನ ಬಗ್ಗೆ ಮಾತ್ರ. ಪಾಸಾಗದೆ ಉಳಿದವರ ಪ್ರಮಾಣ ಶೇಕಡಾ 15.8 ಇದ್ದದ್ದು 9.3ಕ್ಕೆ ಇಳೀತು. ಅದ್ರಲ್ಲೂ "ಚೆನ್ನಾಗಿ ಮಾಡ್ತಿದ್ದಾನೆ" ಅನ್ನೋ ಸಾಲಿಗಿಂತ "ಇದನ್ನ ಸರಿ ಮಾಡ್ಕೋಬೇಕು" ಅನ್ನೋ ಸಾಲಿಗೇ ಪರಿಣಾಮ ಜಾಸ್ತಿ ಕಂಡಿತ್ತು. ದೊಡ್ಡ ಮಕ್ಕಳದ್ದು, ಒಂಬತ್ತು ವರ್ಷದೋರದ್ದಲ್ಲ, ಸರಿ. ಆದ್ರೂ ಒಂದ್ ಸಾಲು ರೀ! ನಾವು ಕಳಿಸೋ "ಗುಡ್ ಮಾರ್ನಿಂಗ್ ಪೇರೆಂಟ್ಸ್" ಅದಕ್ಕಿಂತ ಉದ್ದ ಇರುತ್ತೆ.

ಪೇರೆಂಟ್ಸ್ ಏನ್ ಕಮ್ಮಿ ಇಲ್ಲ ಬಿಡಿ. ಹೋಂವರ್ಕ್ ಮುಗ್ಸೋಕೆ ಮಗೂಗೆ ಎರಡು ಗಂಟೆ ಹಿಡೀತಿದೆ ಅಂತ ಟೀಚರ್‌ಗೆ ಒಬ್ರೂ ಹೇಳಲ್ಲ. ಹೋಂವರ್ಕ್ ಬಗ್ಗೆ ವರ್ಷಗಟ್ಟಲೆ ಸಂಶೋಧನೆ ಮಾಡಿದ ಹ್ಯಾರಿಸ್ ಕೂಪರ್ ಕೂಡ ಒಂದ್ ಕ್ಲಾಸಿಗೆ ಹತ್ತು ನಿಮಿಷದ ಲೆಕ್ಕವೇ ಸರಿ ಅಂತಾರೆ, ಅಂದ್ರೆ ನಾಲ್ಕನೇ ಕ್ಲಾಸಿಗೆ ದಿನಕ್ಕೆ ನಲವತ್ತು ನಿಮಿಷ. ಎರಡು ಗಂಟೆ ಆಗ್ತಿದ್ರೆ ಏನೋ ಎಡವಟ್ಟಾಗಿದೆ ಅಂತ ಅರ್ಥ. ಅದನ್ನ ಹೇಳೋ ಬದಲು ರಾತ್ರಿ ಹತ್ತು ಗಂಟೆಗೆ ತಾವೇ ಪಕ್ಕದಲ್ಲಿ ಕೂತು ಉತ್ತರ ಹೇಳಿ ಬರೆಸಿ ಮುಗಿಸ್ತಾರೆ. ಬೆಳಿಗ್ಗೆ ನನ್ ಟೇಬಲ್ ಮೇಲೆ ಫಳಫಳ ಹೊಳೆಯೋ ನೋಟ್‌ಬುಕ್. ನಾನು ಟಿಕ್ ಹಾಕಿ "ವೆರಿ ಗುಡ್" ಅಂತ ಬರೀತೀನಿ. ಯಾರಿಗೆ ವೆರಿ ಗುಡ್ಡೋ.

ಇಷ್ಟೆಲ್ಲ ಬರೆದ್ಮೇಲೆ ಒಂದು ಹೇಳ್ಲೇಬೇಕು, ಇಲ್ಲಾಂದ್ರೆ ಶಾಸ್ತ್ರ ಹೇಳಿ ಬದನೇಕಾಯಿ ತಿಂದಂಗಾಗುತ್ತೆ.

ಕೆಲವು ವರ್ಷದ ಹಿಂದೆ ನನ್ ಕ್ಲಾಸಲ್ಲಿ ಒಬ್ಬ ಹುಡುಗ ಇದ್ದ. ಶಾಂತ, ದುಂಡಗಿನ ಅಕ್ಷರ, ಗಲಾಟೆ ಇಲ್ಲ. ಎರಡನೇ ವಾರದಲ್ಲಿ ಒಂದು ಲೆಕ್ಕ ಕೊಟ್ಟೆ, ಒಂದು ಡಬ್ಬದಲ್ಲಿ 24 ಪೆನ್ಸಿಲ್, ಅಂಥ 6 ಡಬ್ಬ, ಎಲ್ಲಾನೂ 4 ಮಕ್ಕಳಿಗೆ ಸಮನಾಗಿ ಹಂಚಿದ್ರೆ ಒಬ್ಬೊಬ್ರಿಗೆ ಎಷ್ಟು. ನೋಟ್‌ಬುಕ್ ಹಿಡ್ಕೊಂಡು ನನ್ ಹತ್ರ ಬಂದ, "ಮಿಸ್, ಇದು ಕೂಡ್ಸೋದಾ, ಗುಣ್ಸೋದಾ?" ಮೊದಲು ಗುಣ್ಸೋದು ಆಮೇಲೆ ಭಾಗ್ಸೋದು ಅಂದೆ. ಹೋಗಿ ಎರಡೇ ನಿಮಿಷಕ್ಕೆ 36 ಅಂತ ಸರಿಯಾಗಿ ಮಾಡ್ಕೊಂಡು ಬಂದ. ಅಂದ್ರೆ ಗುಣಾಕಾರ ಬರುತ್ತೆ, ಭಾಗಾಕಾರ ಬರುತ್ತೆ, ಆ ಮೂರು ವಾಕ್ಯ ಏನ್ ಕೇಳ್ತಿವೆ ಅನ್ನೋದು ಮಾತ್ರ ಹತ್ತಲ್ಲ. ಲೆಕ್ಕದ ಸಮಸ್ಯೆ ಅಲ್ವೇ ಅಲ್ಲ, ಓದಿನ ಸಮಸ್ಯೆ. ನಂಗೆ ಅವತ್ತೇ ಗೊತ್ತಾಯ್ತು. ಗೊತ್ತಾಗಿ ಏನ್ ಮಾಡ್ದೆ? ಪ್ರತಿ ಸಲ ಬಂದಾಗ್ಲೂ "ಕೂಡ್ಸು", "ಗುಣ್ಸು" ಅಂತ ಹೇಳ್ಕೊಟ್ಟು ಕಳಿಸ್ದೆ, ಯಾಕಂದ್ರೆ ಅದು ಸುಲಭ. ಮನೆಗೆ ಹೇಳ್ಲಿಲ್ಲ, ಈಗ್ಲೇ ಯಾಕೆ ಹೆದ್ರಿಸೋದು, ನೋಡೋಣ, ಸರಿ ಹೋಗ್ಬಹುದು ಅಂತ. ಆ ವರ್ಷ ಗ್ರೂಪಿಗೆ ಅವನ ಫೋಟೋ ಹಾಕಿದ್ದೆ, ಹೌದು, ನಾನೂ ಹಾಕಿದ್ದೆ, ಚಾರ್ಟ್ ಹಿಡ್ಕೊಂಡಿರೋದು.

ಅರ್ಧವರ್ಷದ ಪರೀಕ್ಷೆ ಆದ್ಮೇಲೆ ಪೇರೆಂಟ್ಸ್ ಮೀಟಿಂಗು. ಅವನಪ್ಪ ಪೇಪರ್ ನೋಡಿದ್ರು, ಪುಟ ತಿರುಗಿಸಿದ್ರು, ಆಮೇಲೆ ತುಂಬಾ ಮೆಲ್ಲಗೆ ಕೇಳಿದ್ರು, "ಮಿಸ್, ನಿಮಗೆ ಇದು ಯಾವಾಗ ಗೊತ್ತಾಯ್ತು?"

"ಇತ್ತೀಚೆಗೆ" ಅಂದೆ.

ಅವರು "ಸರಿ ಮಿಸ್" ಅಂದು ಎದ್ದು ಹೋದ್ರು. ಜಗಳ ಆಡಿದ್ರೆ ನಂಗೆ ಇಷ್ಟು ವರ್ಷ ನೆನಪಿರ್ತಿರ್ಲಿಲ್ಲವೇನೋ.

ಅದಾದ್ಮೇಲಿಂದ ಬರೀತೀನಿ. ಈ ವರ್ಷ 38 ಮಕ್ಕಳು, ದಿನಕ್ಕೆ ಎಂಟು, ಶುಕ್ರವಾರ ಆರು. ಒಂದೊಂದು ಸಾಲು. ಕೆಲವರು ಉತ್ತರ ಕೊಡಲ್ಲ, ಕೆಲವರು ರಾತ್ರಿ ಹನ್ನೊಂದಕ್ಕೆ ಉದ್ದುದ್ದ ವಾಯ್ಸ್ ಮೆಸೇಜ್ ಕಳಿಸ್ತಾರೆ, ಅದೊಂದು ಶಿಕ್ಷೆ. ಒಬ್ಬ ತಾಯಿ ಮೊದಲ ಮೆಸೇಜಿಗೆ ಗಾಬರಿಯಾಗಿ ಸ್ಕೂಲಿಗೇ ಓಡಿ ಬಂದಿದ್ರು, ಟೀಚರ್ ಮೆಸೇಜ್ ಮಾಡಿದ್ದಾರೆ ಅಂದ್ರೆ ಮಗು ಏನೋ ದೊಡ್ಡ ತಪ್ಪು ಮಾಡಿದೆ ಅಂತ. ನಾನು ಬರೆದಿದ್ದು ನಿಮ್ಮ ಮಗಳು ಬ್ರೇಕಲ್ಲಿ ಒಬ್ಳೇ ಕೂತಿರ್ತಾಳೆ, ಮನೇಲಿ ಏನಾದ್ರೂ ಹೇಳಿದ್ಲಾ ಅಂತ ಅಷ್ಟೇ. ಹೇಳಿದ್ಳಂತೆ. ಫ್ರೆಂಡ್ ಬೇರೆ ಸೆಕ್ಷನ್‌ಗೆ ಹೋಗಿದ್ದಾಳೆ ಅಂತ. ನಂಗೆ ಗೊತ್ತೇ ಇರ್ಲಿಲ್ಲ.

ಮಗನ ಟೀಚರ್‌ಗೆ ಈಗ ಬೇರೆಯಾಗಿ ಮೆಸೇಜ್ ಟೈಪ್ ಮಾಡಿ ಇಟ್ಟಿದ್ದೀನಿ, "ಕಾಲು, ಎಂಟನೇ ಒಂದು, ಯಾವುದು ದೊಡ್ಡದು ಅನ್ನೋದ್ರಲ್ಲಿ ಗೊಂದಲ ಇದೆ ಮಿಸ್, ಕ್ಲಾಸಲ್ಲೂ ಹಾಗೇ ಇದ್ಯಾ ನೋಡ್ತೀರಾ, ಮನೇಲಿ ನಾನು ಕಾಗದ ಮಡಚಿ ತೋರಿಸ್ತೀನಿ" ಅಂತ. ಮೂರ್ ಸಲ ಅಳಿಸಿ ಬರೆದೆ, ಎಲ್ಲಿ ದೊಡ್ಡ ಟೀಚರಮ್ಮ ಬಂದ್ಲು ಪಾಠ ಹೇಳೋಕೆ ಅಂದ್ಕೊಳ್ತಾರೋ ಅಂತ ಭಯ. ಕಳಿಸ್ತೀನಿ ಬೆಳಿಗ್ಗೆ.

ಈಗ ನನ್ ಕ್ಲಾಸಿನ ಲಿಸ್ಟ್ ತೆಗೆದು ಕೂತಿದ್ದೀನಿ. ನಾಳೆಯ ಎಂಟು ಹೆಸರು. ಏಳು ಆಯ್ತು. ಎಂಟನೆಯವಳು ಕಿಟಕಿ ಪಕ್ಕ ಮೂರನೇ ಬೆಂಚು, ಮೂರು ವಾರದಿಂದ ದಿನಾ ಎದುರಿಗೇ ಕೂತಿದ್ದಾಳೆ, ಅವಳ ಬಗ್ಗೆ ಏನ್ ಬರೀಬೇಕು ಅಂತ ಹತ್ತು ನಿಮಿಷದಿಂದ ಯೋಚಿಸ್ತಿದ್ದೀನಿ, ಒಂದ್ ಸಾಲೂ ಹೊಳೀತಿಲ್ಲ.