ಚಿಂಪಾಂಜಿಯ ಆ ‘ನಗು’ ಖುಷಿಯದಲ್ಲ

ಬಟ್ಟೆ ತೊಟ್ಟ ಮರಿ ಚಿಂಪಾಂಜಿ ಹಲ್ಲು ಕಿರಿಯುವ ವಿಡಿಯೊ ‘ಆಶ್ರಯಧಾಮದಲ್ಲಿ ಎಷ್ಟು ಖುಷಿಯಾಗಿದೆ ನೋಡಿ’ ಎಂಬ ಒಕ್ಕಣೆಯೊಂದಿಗೆ ಹರಿದಾಡುತ್ತಿದೆ. ಒಕ್ಕಣೆ ತಪ್ಪು.

ತುಟಿ ಹಿಂದಕ್ಕೆಳೆದು ಎರಡೂ ಸಾಲು ಹಲ್ಲು ತೋರಿಸುವುದು ಚಿಂಪಾಂಜಿಗಳಲ್ಲಿ ಸಾಮಾನ್ಯವಾಗಿ ಭಯದ, ಶರಣಾಗತಿಯ ಚಹರೆ. ಪ್ರಾಣಿವರ್ತನೆಯ ಅಧ್ಯಯನಗಳು ದಶಕಗಳಿಂದ ಇದನ್ನೇ ದಾಖಲಿಸಿವೆ. ಆಡುವಾಗ ಬಾಯಿ ಸಡಿಲವಾಗಿ ತೆರೆದಿರುತ್ತದೆ, ಮೇಲಿನ ಹಲ್ಲು ಹೆಚ್ಚಾಗಿ ತುಟಿಯ ಮರೆಯಲ್ಲೇ ಇರುತ್ತದೆ, ಏದುಸಿರಿನಂಥ ಸದ್ದು ಕೇಳಿಸುತ್ತದೆ. ಅದು ನಿಜವಾದ ನಗು!

ಒಳ್ಳೆಯ ಆಶ್ರಯಧಾಮಗಳಲ್ಲಿ ಅವುಗಳಿಗೆ ಬಟ್ಟೆ ತೊಡಿಸುವುದೂ ಇಲ್ಲ. ಉಗಾಂಡಾದ ಎನ್‌ಗಾಂಬಾ ದ್ವೀಪದಲ್ಲಿ 1998ರಿಂದ ಆಶ್ರಯ ಪಡೆದಿರುವ ಅನಾಥ ಚಿಂಪಾಂಜಿಗಳು ಹಗಲೆಲ್ಲ ಗುಂಪಾಗಿ ಕಾಡಿನಲ್ಲಿರುತ್ತವೆ, ಒಂದರ ಮೈಗೂದಲನ್ನು ಇನ್ನೊಂದು ಬಿಡಿಸುತ್ತಾ ಕೂರುತ್ತವೆ.

ಇಂಥ ವಿಡಿಯೊ ನೋಡಿದವರಿಗೆ ಮರಿ ಸಾಕುವ ಆಸೆ ಹುಟ್ಟಬಹುದು. ದಯವಿಟ್ಟು ಫಾರ್ವರ್ಡ್ ಮಾಡಬೇಡಿ, ಕಳಿಸಿದವರಿಗೂ ತಿಳಿಸಿ.