ಹೆಂಚಿನ ಮೇಲಿನ ಇಸವಿ

ಆಟಿ ಮಳೆ ಹಿಡಿದು ನಾಲ್ಕನೇ ದಿನ, ಅಡುಗೆಮನೆಲಿ ಸರಿಯಾಗಿ ಕಾಫಿಪುಡಿ ಡಬ್ಬದ ಮೇಲೇನೇ ತೊಟ್ಟಿಕ್ಕೋಕೆ ಶುರು. ಡಬ್ಬ ಸರಿಸಿದ್ರೆ ಅದರ ಹಿಂದೇನೇ ಬರ್ತದೆ, ಅದೇನು ಹಠವೋ. ಮಡಿಕೇರಿಲಿ ಈ ಮಳೆಗೆ ಮಾಡು ಹತ್ತೋ ಆಳು ಎಲ್ಲಿ ಸಿಗ್ತಾನೆ, ಸಿಕ್ಕಿದ್ರೂ "ಒಂದು ಬಿಸ್ಲು ಬರ್ಲಿ ಅಣ್ಣ" ಅಂತಾನೆ, ಬಿಸ್ಲು ಬರೋದು ದಸರಾಕ್ಕೆ. ಕೊನೆಗೆ ನಾನೇ ಅಟ್ಟ ಹತ್ತಿ ಒಡೆದ ಹೆಂಚನ್ನ ಒಳಗಿಂದ ಎಳೆದೆ. ಮಸಿ ಒರೆಸಿದ್ರೆ ಅಚ್ಚು ಕಾಣ್ತು: ಬಾಸೆಲ್ ಮಿಷನ್, ಮಂಗಳೂರು, 1865.

"ನೋಡ್ದ್ಯಾ! ಮನೆ 1865ರದ್ದು ಅಂತ ನಾನು ಹೇಳ್ತಾನೇ ಇದ್ದೆ" ಅಂದ್ರು ದೊಡ್ಡಪ್ಪ ಕೆಳಗಿಂದ. ನೆಂಟರ ಮದುವೆಗಳಲ್ಲೆಲ್ಲಾ ಹೇಳ್ಕೊಂಡು ಬಂದಿದ್ದಾರೆ.

ಮಂಗಳೂರಿನ ಜೆಪ್ಪುವಿನಿಂದ ಬಂದಿದ್ದ ಭಾವ ಬಿಡ್ಬೇಕಲ್ಲ. "ಅದು ಫ್ಯಾಕ್ಟ್ರಿ ಶುರುವಾದ ಇಸವಿ ಮಾರಾಯ್ರೆ. ಪ್ಲೆಬ್ಸ್ಟ್ ಅಂತ ಜರ್ಮನಿಯವ ನೇತ್ರಾವತಿ ಮಣ್ಣಲ್ಲಿ ನಮ್ಮ ಜೆಪ್ಪುಲೇ ಶುರು ಮಾಡಿದ್ದು. ಆಮೇಲೆ ಎಷ್ಟೋ ವರ್ಷ ಬಿಟ್ಟು ಸುಟ್ಟ ಹೆಂಚಿಗೂ ಅದೇ ಅಚ್ಚು."

ದೊಡ್ಡಪ್ಪನ ಮುಖ ನೋಡ್ಬೇಕಿತ್ತು. ಮನೆಯ ವಯಸ್ಸು ಹೋಯ್ತು, ಇನ್ನು ಊರಿನ ಮಾನ ಉಳಿಸ್ಬೇಕಲ್ಲ, ಸೀದಾ ಕಂಪನಿ ವಿರುದ್ಧ ಎದ್ದ 1837ರ ದಂಗೆಗೇ ಹೋದ್ರು. ಕಂಪನಿಯವ್ರು 1834ರಲ್ಲಿ ಕೊಡಗು ನುಂಗಿ ಪುತ್ತೂರು ಸುಳ್ಯವನ್ನ ಕೆನರಾಕ್ಕೆ ಸೇರಿಸಿದ್ದು, ಭತ್ತದಲ್ಲಿ ಕಟ್ತಿದ್ದ ಕಂದಾಯನ ರೊಕ್ಕದಲ್ಲೇ ಕಟ್ಟಿ ಅಂದಿದ್ದು, ದಂಗೆ ಮುಂದಾಳುಗಳು ಕಲ್ಯಾಣಸ್ವಾಮಿ, ಕೆದಂಬಾಡಿ ರಾಮಯ್ಯ ಗೌಡ್ರು, ಅವ್ರ ದಂಡು ಬಂಟ್ವಾಳ ದಾಟಿದ್ದು, ಒಂದೂ ಬಿಡ್ಲಿಲ್ಲ. "ನಿಮ್ಮ ಮಂಗಳೂರಿನ ಬಾವುಟಗುಡ್ಡೆ ಮೇಲೆ ಬಾವುಟ ಹಾರಿಸಿ ಹದಿಮೂರು ದಿನ ಆಳಿದ್ದು ನಮ್ಮ ಕಡೆಯವ್ರು, ತಿಳ್ಕೊ."

"ಹದಿಮೂರೇ ದಿನ ಅಲ್ವಾ" ಅಂದ ಭಾವ. ಪಾಪ, ಕಲ್ಯಾಣಸ್ವಾಮಿನ ಬಿಕರ್ನಕಟ್ಟೆಲಿ ನೇಣಿಗೆ ಹಾಕಿದ್ದು ಇಬ್ಬರಿಗೂ ಗೊತ್ತು, ಅದನ್ನ ಯಾರೂ ಎತ್ತಲಿಲ್ಲ.

"ದಾರಿಹೋಕರಿಗೆ ನೀರು ಕೊಟ್ಟ ಅಪ್ಪಣ್ಣನ ಕಟ್ಟೆಯಿಂದ ನಿಮ್ಮೂರಲ್ಲಿ ಹಂಪನಕಟ್ಟೆ ಅಂತ ಹೆಸರಾಯ್ತು ಅಂತೀರಿ, ಊರನ್ನೇ ಹಿಡಿದವ್ರಿಗೆ ಒಂದು ಬಸ್‌ಸ್ಟಾಪಾದ್ರೂ ಇದ್ಯಾ?" ಅಂತ ದೊಡ್ಡಪ್ಪ.

ನಿಜ ಹೇಳ್ಬೇಕಂದ್ರೆ ನನಗೂ ಮಂಗಳೂರಿನ ಮೇಲೆ ಒಂಚೂರು ಸಿಟ್ಟಿದೆ. ನಮ್ಮ ಕಾಫಿ ಇಳಿಸ್ಕೊಂಡು ನಮಗೆ ಹೆಂಚು, ಉಪ್ಪು, ಒಣಮೀನು ಹತ್ತಿಸಿ ಬೆಳೆದ ಬಂದರು, ಈಗ ಹೋದ್ರೆ "ನೀವು ಘಟ್ಟದ ಮೇಲಿನವ್ರಾ" ಅಂತ ಕೇಳೋ ರಾಗ ಬೇರೆ. ಸಂಪಾಜೆ ಘಾಟಿ ಕುಸಿದು ರಸ್ತೆ ಬಂದಾದ್ರೆ ಮೀನಿಲ್ದೆ ಒದ್ದಾಡೋರು ನಾವೇ, ಅದು ಬೇರೆ ಮಾತು. ಇನ್ನು ಊರು ಕಟ್ಟಿದೋರು ಯಾರು, ಪ್ಲೆಬ್ಸ್ಟಾ ಅಪ್ಪಣ್ಣನಾ ಊರಿಗೆ ಹೆಸರು ಕೊಟ್ಟ ಮಂಗಳಾದೇವಿನಾ ಅಂತ ಒಂದು ದೊಡ್ಡ ಮಾತು ಹೇಳೋಣ ಅಂತ ಅಟ್ಟದಿಂದ ಬಾಯಿ ತೆಗೆದೆ.

"ಮೊದ್ಲು ಆ ತೂತು ಮುಚ್ರೀ!" ಅಂತ ಅಡುಗೆಮನೆಯಿಂದ ಕೂಗು.

ಹೆಂಚು ಇನ್ನೂ ನನ್ನ ಕೈಲೇ ಇತ್ತು. ಕೆಳಗೆ ಕಾಫಿಪುಡಿ ಡಬ್ಬದ ಮುಚ್ಚಳದ ಮೇಲೆ ಈಗ ತೊಟ್ಟಲ್ಲ, ಧಾರೆ.