ಆ ‘ಅಂತೆ’ ಎಲ್ಲಿ ಹೋಯಿತು?

ನಿನ್ನೆ ರಾತ್ರಿ ಸುಮ್ನೆ ಒಂದು ಇತಿಹಾಸದ ವಿಡಿಯೋ ಹಾಕಿಕೊಂಡೆ. ನಿದ್ದೆ ಹಾಳಾಯಿತು. ಇಂಗ್ಲೆಂಡ್ ಇನ್ನೂ ಸಣ್ಣಪುಟ್ಟ ರಾಜ್ಯಗಳಾಗಿದ್ದ ಆಂಗ್ಲೋ-ಸ್ಯಾಕ್ಸನ್ ಕಾಲದ ನನ್ನ ಹುಚ್ಚು ನಿಮಗೆಲ್ಲ ಗೊತ್ತಲ್ಲ, ಸಹಿಸಿಕೊಳ್ಳಿ. ‘ಗಂಡನನ್ನೇ ಮುಗಿಸಿದ ರಾಣಿ’ ಅಂತ ಅದರ ತಲೆಬರಹ!

ಗಂಡ ಅಂದರೆ ಪಿಯಾಡ. ಅಂಥದೊಂದು ರಾಜ್ಯವಾದ ಮರ್ಸಿಯಾದ ರಾಜ ಪೆಂಡಾನ ಮಗ. ಅಪ್ಪನ ಕೈಕೆಳಗೆ ಮಿಡಲ್ ಆಂಗಲ್ಸ್ ಜನರನ್ನು ಆಳುತ್ತಿದ್ದ ಸಾಮಂತ. 653ರಲ್ಲಿ ನಾರ್ಥಂಬ್ರಿಯಾದ ರಾಜ ಓಸ್ವಿಯುವಿನ ಮಗಳು ಆಲ್ಹ್‌ಫ್ಲೆಡ್‌ಳನ್ನು ಕೇಳಿಕೊಂಡು ಹೋದ. ಕ್ರೈಸ್ತನಾದರೆ ಮಾತ್ರ ಹೆಣ್ಣು ಅಂದ ಮಾವ. ಆದ. ಅಷ್ಟರಲ್ಲಾಗಲೇ ಪಿಯಾಡನ ಸಹೋದರಿ ಕಿನೆಬರ್ಗ ಓಸ್ವಿಯುವಿನ ಸೊಸೆ. ಕೊಟ್ಟು ತಂದ ಸಂಬಂಧ! ಆದರೆ ಈ ಬೀಗರ ನಡುವೆ ಹೆಣ ಬಿದ್ದಿತ್ತು. ಓಸ್ವಿಯುವಿನ ಅಣ್ಣ ಓಸ್ವಾಲ್ಡ್ 642ರಲ್ಲಿ ಸತ್ತದ್ದು ಇದೇ ಪೆಂಡಾನ ಜೊತೆಗಿನ ಯುದ್ಧದಲ್ಲಿ.

655ರಲ್ಲಿ ಓಸ್ವಿಯು ಲೆಕ್ಕ ತೀರಿಸಿದ. ಯುದ್ಧದಲ್ಲಿ ಪೆಂಡಾ ಸತ್ತ. ಅಳಿಯನಿಗೆ ದಕ್ಷಿಣ ಮರ್ಸಿಯಾ ಬಿಟ್ಟುಕೊಟ್ಟ, 5,000 ಕುಟುಂಬಗಳ ನಾಡು. ಮರುವರ್ಷ ಈಸ್ಟರ್ ಹಬ್ಬದ ಹೊತ್ತಿಗೆ ಅಳಿಯನ ಕೊಲೆ.

ಸುಮಾರು 75 ವರ್ಷದ ಮೇಲೆ ಬೀಡ್ ಎಂಬ ಸನ್ಯಾಸಿ ಬರೆದ: ಹೆಂಡತಿಯೇ ದ್ರೋಹ ಮಾಡಿದಳಂತೆ. ಅಂತೆ! ‘ಜನ ಹೇಳುತ್ತಾರೆ’ ಅಂತ ಆ ಪುಣ್ಯಾತ್ಮ ಲ್ಯಾಟಿನ್‌ನಲ್ಲಿ ಜೋಪಾನವಾಗಿ ಸೇರಿಸಿದ್ದಾನೆ. ವಿಡಿಯೋದವನು ಆ ‘ಅಂತೆ’ಯನ್ನು ನುಂಗಿ ನೀರು ಕುಡಿದ.

ಅವಳೇ ಮಾಡಿಸಿರಬಹುದಲ್ವಾ ಅಂತೀರಾ? ಇರಬಹುದಪ್ಪಾ. ಆದರೆ ಅಳಿಯ ಹೋದ ಮೇಲೆ ಇಡೀ ಮರ್ಸಿಯಾ ಯಾರ ಕೈಯಲ್ಲಿತ್ತು? ಮಾವನ ಕೈಯಲ್ಲಿ. 651ರಲ್ಲಿ ಪಕ್ಕದ ಡೀರಾದ ರಾಜ ಓಸ್ವಿನ್‌ನನ್ನು ಕೊಲ್ಲಿಸಿದ್ದೂ ಇದೇ ಮಾವ. ಅದಕ್ಕೆ ಬೀಡ್ ಯಾವ ‘ಅಂತೆ’ಯನ್ನೂ ಹಾಕಿಲ್ಲ. ವಿಡಿಯೋದಲ್ಲಿ ಈ ಮಾತೇ ಇಲ್ಲ.

ಇಷ್ಟೊಂದು ಸಿಟ್ಟು ಯಾಕೆ ಅಂದರೆ, ಹೇಳಿಬಿಡುತ್ತೇನೆ. ನಮ್ಮ ಚಿಕ್ಕಮ್ಮನ ಗಂಡ ಮದುವೆಯಾದ ಮೂರೇ ತಿಂಗಳಿಗೆ ತೀರಿಕೊಂಡರು. ಅವಳ ಕಾಲ್ಗುಣ ಅಂದಿತು ಊರು. ಹತ್ತು ವರ್ಷದ ನಾನು ಅದನ್ನೇ ಶಾಲೆಯಲ್ಲಿ ಗೆಳತಿಯರಿಗೆ ಹೇಳಿದ್ದೆ. ‘ಅಂತೆ’ ಕೂಡ ಸೇರಿಸದೆ.

ಗಂಡ ಸತ್ತ ಮೇಲೆ ಆಲ್ಹ್‌ಫ್ಲೆಡ್ ಏನಾದಳು ಅಂತ ಬೀಡ್ ಒಂದು ಸಾಲೂ ಬರೆದಿಲ್ಲ. ಅವಳ ನಾದಿನಿ, ಅತ್ತಿಗೆ ಎರಡೂ ಆಗಿದ್ದ ಕಿನೆಬರ್ಗ ಮುಂದೆ ಸನ್ಯಾಸಿನಿಯಾದಳು, ಸಂತಳಾದಳು. ಪೀಟರ್‌ಬರೋ ಹತ್ತಿರದ ಕ್ಯಾಸ್ಟರ್ ಎಂಬ ಹಳ್ಳಿಯಲ್ಲಿ ಅವಳ ಹೆಸರಿನ ಚರ್ಚ್ ಇವತ್ತಿಗೂ ನಿಂತಿದೆ.